ಸಂದುನೋವಿನೊಡನೆ ಸಂಸಾರ

ಮಲೆನಾಡಿನವರಾದ ನಮಗೆ ಸಮತಟ್ಟಾದ ನೆಲವು ಕಾಫಿ ಒಣಗಿಸುವ ಕಣದಲ್ಲಿ ಮತ್ತು ದೇವಸ್ಥಾನದ ಪ್ರಾಕಾರದಲ್ಲಲ್ಲದೆ ಬೇರೆಲ್ಲಿಯೂ ಸುಲಭವಾಗಿ ದೊರೆಯತಕ್ಕದ್ದಲ್ಲ. ಕಳಸದ ಸುತ್ತಿನ ತೋಟಗಳಲ್ಲಿ ನೀರಿಗೆ ಇಳಿಯಬೇಕು, ರಸ್ತೆಗೆ ಹತ್ತಬೇಕು, ಸೌದೆಗೆ ಮತ್ತೆ ಇಳಿಯಬೇಕು. ಸೊಂಟದ ಕೀಲುಗಳು ಬಾಲ್ಯದಲ್ಲಿಯೇ ಸವೆಯತೊಡಗಿದ ನನ್ನಂಥವನಿಗೆ ಈ ನೆಲದ ಏರಿಳಿತವೇ ವ್ಯಾಧಿಯ ಅರ್ಧಭಾಗವಾಗುವುದು.

ನನ್ನ ತಾಯಿಯ ತವರು ಸಾಗರದ ಸೀಮೆ. ಆ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯಭಾಗದಲ್ಲಿ, ಕೀಲುನೋವಿನಿಂದ ನಡೆಯಲಾರದೆ ಕುಗ್ಗಿಹೋಗಿದ್ದ ಸಂಸಾರಗಳು ವೈದ್ಯರ ದೃಷ್ಟಿಗೆ ಬಿದ್ದುದರಿಂದ ವ್ಯಾಧಿಗೆ ಆ ಊರಿನ ಹೆಸರೇ ಅಂಟಿಕೊಂಡಿತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಹಳ್ಳಿಗಳಲ್ಲಿ, ವಿಶೇಷವಾಗಿ ಚನ್ನಂಗಿ ಮತ್ತು ಚಲವಾದಿ ಸಮುದಾಯಗಳ ಕೂಲಿಕಾರರಲ್ಲಿ, ಅದು ಬೇರೂರಿತ್ತು. ಗದ್ದೆಗಳಿಗೆ ಹೊಸದಾಗಿ ಹೊಡೆಯತೊಡಗಿದ್ದ ಕೀಟನಾಶಕವು ಏಡಿಗಳ ಮೂಲಕ ಬಡವರ ಮೈಸೇರಿ ಎಲುಬನ್ನು ಕೊರೆಯುತ್ತಿರಬಹುದೆಂಬ ಊಹೆಯೊಂದು ಆಗ ಹುಟ್ಟಿತು. ಆ ಊಹೆ ಹೇಗೋ ತೋಟದ ಆಳುಗಳ ಸಾಲುಮನೆಗಳಲ್ಲಿ ಒಂದಾದ ನಮ್ಮ ಲೈನ್ ಮನೆಗೂ ಬಂದು ತಲುಪಿತು. ತಿನ್ನಬಾರದ್ದನ್ನು ತಿಂದು ಕಾಲು ಕಳೆದುಕೊಂಡರು ಎಂದು ಮೇಲಿನ ಕೇರಿಯವರು ಆಡಿದ ಮಾತಿಗೆ ನನ್ನ ತಾಯಿ ತಲೆತಗ್ಗಿಸಿದಳು, ಏಡಿಯ ಸಾರನ್ನು ಬಿಟ್ಟಳು. ಆಮೇಲೆ ಹುಟ್ಟಿದ ತಂಗಿಗೆ ಏಡಿಯ ರುಚಿಯೇ ತಿಳಿಯದು. ಆದರೂ ಶಾಲೆಗೆ ಹೋಗುವ ವಯಸ್ಸಿನಲ್ಲಿಯೇ ಅವಳ ಸೊಂಟ ಹಿಡಿದುಕೊಂಡಿತು. ನಡುವಣ ತಮ್ಮನಿಗೆ ಏನೂ ಆಗಲಿಲ್ಲ. ಈಗಲೂ ಏಣಿಯೇರಿ ಮೆಣಸು ಕೊಯ್ಯುತ್ತಾನೆ.

ನಮ್ಮ ಮನೆಯ ಈ ವಿಚಿತ್ರ ಲೆಕ್ಕವನ್ನು ವಿಜ್ಞಾನಿಗಳು ವಂಶಾವಳಿಗಳನ್ನು ಬರೆದು ಬಿಡಿಸಿದರು. ಬೆನ್ನೆಲುಬನ್ನೂ ಉದ್ದ ಮೂಳೆಗಳ ತುದಿಗಳನ್ನೂ ಬಾಧಿಸುವ ಆನುವಂಶಿಕ ಅಸ್ಥಿವಿಕೃತಿ ಇದೆಂದು 1994ರಲ್ಲಿ ಪ್ರಕಟವಾದ ಎಕ್ಸ್‌ರೇ ಅಧ್ಯಯನವೊಂದು ವರ್ಣಿಸಿತು. ತಂದೆತಾಯಿಗಳಲ್ಲಿ ಒಬ್ಬರಿಗೆ ಇದ್ದರೂ ಸಾಕು, ಹುಟ್ಟುವ ಪ್ರತಿಯೊಂದು ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಬರುವ ಸಂಭವ ಅರ್ಧಕ್ಕರ್ಧ. ತೊಡೆಯೆಲುಬಿನ ತಲೆ ದುಂಡಗೆ ಬೆಳೆಯದಿರುವುದರಿಂದ ಅದು ಒರಳಿಗೆ ಹೊಂದದ ಗುಂಡಿನಂತೆ ತನ್ನ ಕುಳಿಯಲ್ಲಿ ಒರಸುತ್ತ, ವೃದ್ಧಾಪ್ಯದಲ್ಲಿ ಸವೆಯಬೇಕಾದ ಮೃದ್ವಸ್ಥಿಯನ್ನು ಯೌವನದಲ್ಲಿಯೇ ತಿಂದುಬಿಡುತ್ತದೆ. ಕೆಲವರಲ್ಲಿ ಬಾಧೆ ಸೊಂಟದಲ್ಲಿಯೇ ನಿಲ್ಲುವುದುಂಟು. ಕೆಲವರಲ್ಲಿ ಬೆನ್ನೆಲುಬೂ ಬೆಳೆಯದೆ ಎತ್ತರ ಕುಂಠಿತವಾಗುವುದು. ದಕ್ಷಿಣ ಆಫ್ರಿಕದ ಮ್ಸೆಲೆನಿ ಎಂಬ ಪ್ರದೇಶದಲ್ಲಿಯೂ ಇಂಥದೊಂದು ಕೀಲುವ್ಯಾಧಿ ಉಂಟೆಂದೂ, 1997ರಲ್ಲಿ ಉಭಯ ದೇಶಗಳ ವೈದ್ಯರು ಎರಡನ್ನೂ ಹೋಲಿಸಿ ನೋಡಿದರೆಂದೂ ತಿಳಿದಾಗ, ಕಡಲಾಚೆಯ ಆ ಕಾಣದ ನೆಂಟರ ಬಗೆಗೆ ನನಗೆ ಒಂದು ಬಗೆಯ ವಾತ್ಸಲ್ಯ ಹುಟ್ಟಿತು. ತಾಯಿಗೆ ಈ ಸಂಗತಿಗಳನ್ನೆಲ್ಲ ಓದಿ ಹೇಳಿದೆ. “ಹಂಗಾರೆ ಏಡಿದು ತಪ್ಪಿಲ್ಲೇನೋ, ಮಗಾ?” ಎಂದಳು. ಇಲ್ಲವೆಂದೆ. ಮಾರನೆಯ ಮಳೆಗಾಲಕ್ಕೆ ತಮ್ಮನಿಂದ ಏಡಿ ಹಿಡಿಸಿ ತಂದು ಸಾರು ಮಾಡಿದಳು.

ಈ ವ್ಯಾಧಿಯನ್ನು ಬುಡಸಹಿತ ಕೀಳುವ ಔಷಧವಿಲ್ಲ. ತೀರ ಸವೆದ ಕೀಲನ್ನು ಶಸ್ತ್ರಚಿಕಿತ್ಸೆಯಿಂದ ಬದಲಾಯಿಸಬಹುದು, ಉಳಿದುದೆಲ್ಲ ಆರೈಕೆ. ಆರೈಕೆಯೆಂದರೆ ಎಣ್ಣೆ, ಕಷಾಯ, ಹರಕೆಗಳೆಂದು ಭಾವಿಸಿದ್ದ ನನಗೆ ಅದರ ನಿಜಸ್ವರೂಪವನ್ನು ತೋರಿಸಿದವರು, ಕುದುರೆಮುಖ ಬಳಸಿ ಘಟ್ಟವಿಳಿದು ಕಾರ್ಕಳದ ಆಚೆಯ ಆಸ್ಪತ್ರೆಗೆ ಹೋದಾಗ ದೊರೆತ ಒಬ್ಬ ಭೌತಚಿಕಿತ್ಸಕಿ. ಅವರು ಮೊದಲು ನೋಡಿದ್ದು ನನ್ನ ಊರುಗೋಲನ್ನು. ನೋವಿದ್ದ ಬಲಸೊಂಟದ ಕಡೆಯೇ ನಾನು ಕೋಲು ಹಿಡಿದಿದ್ದೆ. ಎಲ್ಲರೂ ಹಾಗೆಯೇ ಹಿಡಿಯುತ್ತಾರೆ, ನೋಡುವವರಿಗೂ ಅದೇ ಸರಿಯೆಂದು ತೋರುವುದು. ಕೋಲನ್ನು ಎಡಗೈಗೆ ಕೊಟ್ಟು ಬಲಗಾಲಿನೊಡನೆಯೇ ಅದನ್ನು ಮುಂದಿಡಲು ಹೇಳಿದರು. ದೇಹದ ಭಾರವನ್ನು ತಡೆಯಲು ಸೊಂಟದ ಸ್ನಾಯುಗಳು ಪಡುತ್ತಿದ್ದ ಶ್ರಮ ಇಳಿದು, ಕೀಲಿನ ಮೇಲಿನ ಒತ್ತಡವೂ ಕಡಿಮೆಯಾಗುವುದೆಂದು ವಿವರಿಸಿದರು. ಆಸ್ಪತ್ರೆಯ ಓಣಿಯ ಆಚೆಯ ತುದಿಯನ್ನು ಮುಟ್ಟುವುದರೊಳಗೆ ನನಗೆ ವ್ಯತ್ಯಾಸ ತಿಳಿಯಿತು. ಪ್ರತಿದಿನವೂ ಸ್ವಲ್ಪ ಹೊತ್ತು ದಿಂಬಿಲ್ಲದೆ ಬೋರಲಾಗಿ ಮಲಗಿರಬೇಕೆಂಬುದು ಅವರ ಇನ್ನೊಂದು ಕಟ್ಟಳೆ. ಸದಾ ಕುಳಿತೇ ಇರುವವನ ಸೊಂಟ ಮಡಿಸಿದಂತೆಯೇ ಬಿಗಿದುಕೊಳ್ಳುವುದರಿಂದ ಅದನ್ನು ನೀಟವಾಗಿಡುವುದಕ್ಕೆ ಇದಕ್ಕಿಂತ ಅಗ್ಗದ ಉಪಾಯವಿಲ್ಲ. ನೋವಿನ ಮಾತ್ರೆಯನ್ನು ಊಟದ ಮೇಲಲ್ಲದೆ ನುಂಗಬಾರದೆಂದೂ, ಅಂಗಡಿಯಲ್ಲಿ ಸಿಕ್ಕಿತೆಂದು ವರ್ಷವಿಡೀ ನುಂಗಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಕೇಡೆಂದೂ ಅಲ್ಲಿನ ವೈದ್ಯರು ಎಚ್ಚರಿಸಿದರು.

ಊರಿಗೆ ಮರಳಿದ ಮೇಲೆ ಮನೆಯ ಎತ್ತರಗಳನ್ನೆಲ್ಲ ಬದಲಾಯಿಸಿದೆವು. ನೆಲದ ಒಲೆ ಕಟ್ಟೆಯನ್ನೇರಿತು. ಪಾಯಿಖಾನೆಯಲ್ಲಿ ನಡುವೆ ತೂತು ಕೊರೆದ ಮರದ ಕುರ್ಚಿಯೊಂದು ಬಂದಿತು. ತಂಗಿ ಚಾಪೆಯನ್ನು ಬಿಟ್ಟು ಮಂಚ ಹತ್ತಿದಳು. ಆಷಾಢದ ಮಳೆಯಲ್ಲಿ ಪಾಚಿಗಟ್ಟುವ ಮೆಟ್ಟಿಲುಗಳಿಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜುವುದೂ, ಕೋಲಿನ ತುದಿಯ ಸವೆದ ರಬ್ಬರನ್ನು ಬದಲಾಯಿಸುವುದೂ ನಮ್ಮ ಮನೆಯಲ್ಲಿ ಔಷಧೋಪಚಾರದಲ್ಲಿಯೇ ಸೇರಿದುವು. ತೋಟದ ಯಜಮಾನರು ನನ್ನನ್ನು ಹಣ್ಣು ಕೊಯ್ಲಿನಿಂದ ತಪ್ಪಿಸಿ ರೈಟರ ಕೆಲಸಕ್ಕೆ ಹಾಕಿದರು. ಆಳುಗಳ ಹಾಜರಿ ಬರೆಯುವುದಕ್ಕೆ ಸೊಂಟ ಬೇಕಾಗಿಲ್ಲ. ತಂಗಿಯನ್ನು ಬೀಜ ಆರಿಸುವುದಕ್ಕೆ ಕೂರಿಸಿದರೂ ಅಲ್ಲಿ ನೆಲದ ಮೇಲೆಯೇ ಕುಳಿತುಕೊಳ್ಳಬೇಕಾಗಿತ್ತು. ಮೇಜೂ ಎತ್ತರದ ಸ್ಟೂಲೂ ಬರುವವರೆಗೆ ಆ ಉಪಕಾರದಿಂದ ಅವಳಿಗೆ ನೋವು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಚಲನವೈಕಲ್ಯದ ವಿಭಾಗದಲ್ಲಿ ಕುಬ್ಜತೆಯನ್ನೂ ಹೆಸರಿಸಿ, ಪ್ರಾಯದವರ ಎತ್ತರ 147 ಸೆಂಟಿಮೀಟರಿಗೆ ಮೀರದಿದ್ದರೆ ಅದನ್ನು ಮಾನ್ಯಮಾಡಿದೆ. ತಂಗಿಗೆ ಈ ದಾರಿಯಿಂದಲೂ ನನಗೆ ಕೀಲುಗಳ ದಾರಿಯಿಂದಲೂ ಪ್ರಮಾಣಪತ್ರ ದೊರೆಯಿತು. ಅದನ್ನು ಕೊಡುವ ಕಚೇರಿ ಮಾಳಿಗೆಯ ಮೇಲಿತ್ತೆಂಬುದನ್ನು ನಗುತ್ತಲೇ ಹೇಳುತ್ತೇನೆ.

ಮದುವೆಯ ವಿಷಯದಲ್ಲಿ ನಮಗೆ ಉಪದೇಶಿಸಿದವರು ಬಹಳ ಮಂದಿ. ಮಕ್ಕಳನ್ನು ಹೆರಬೇಡಿ ಎಂದವರೂ ಉಂಟು. ಅರ್ಧಕ್ಕರ್ಧವೆಂಬ ಲೆಕ್ಕವನ್ನು ತಿಳಿಸುವುದು ವೈದ್ಯರ ಕರ್ತವ್ಯ, ತಿಳಿದ ಮೇಲೆ ನಿರ್ಣಯಿಸುವುದು ಆ ದಂಪತಿಗಳ ಹಕ್ಕು. ಬಡವರಿಗೆ ಮಾತ್ರ ಇವೆರಡನ್ನೂ ಇತರರೇ ಮಾಡಿಕೊಡುವ ಪದ್ಧತಿಯನ್ನು ನಾನು ಒಪ್ಪಲಾರೆ. ತಂಗಿ ಎಲ್ಲವನ್ನೂ ಅರಿತೇ ಮಗಳನ್ನು ಹೆತ್ತಳು. ಆ ಮಗುವಿಗೀಗ ಒಂಬತ್ತು ತುಂಬಿದೆ. ಓಡಿ ಬಂದ ದಿನ ಮಂಡಿಯ ಮೇಲಕ್ಕೆ ನೋವೆನ್ನುತ್ತಾಳೆ. ಎಕ್ಸ್‌ರೇ ತೆಗೆಸುವುದೆಂದು ನಿಶ್ಚಯವಾಗಿದೆ. ಅಷ್ಟರೊಳಗೆ ಲೈನಿನ ನಲ್ಲಿಗಿಳಿಯುವ ಮೆಟ್ಟಿಲಿಗೆ ಎರಡೂ ಬದಿಗೆ ಕಬ್ಬಿಣದ ಕೈಹಿಡಿ ಹಾಕಿಸಬೇಕೆಂದು ಯಜಮಾನರನ್ನು ಕೇಳಿದ್ದೇನೆ. ಒಂದು ಬದಿಗೆ ಒಪ್ಪಿದ್ದಾರೆ, ಇನ್ನೊಂದರ ಮಾತು ನಡೆಯುತ್ತಿದೆ.