ಗುಟ್ಟನ್ನು ಬಿಡದೆ ಲೆಕ್ಕವನ್ನು ಕೊಡುವ ವಿದ್ಯೆ

ನಮ್ಮ ಶಾಲೆಯಲ್ಲಿ ಕಲಿತುಹೋದ ಪ್ರಿಯ ವಿದ್ಯಾರ್ಥಿನಿಯರಿಗೂ ಮಾನ್ಯ ಪಾಲಕರಿಗೂ ಒಂದು ಚಿಕ್ಕ ಗಣಿತಪಾಠವನ್ನು ಈ ಸಂಚಿಕೆಯ ಮೂಲಕ ಒಪ್ಪಿಸುತ್ತೇವೆ. ಬ್ಯಾಂಕು, ಆಸ್ಪತ್ರೆ, ಅಂಗಡಿ, ಸರಕಾರಿ ಕಚೇರಿ ಇವುಗಳಲ್ಲೆಲ್ಲ ಈಗ ನಮ್ಮ ಹೆಸರು, ಸಾಲ, ರೋಗ, ಫೋನ್ ನಂಬರು ಮೊದಲಾದವು ಗಣಕಯಂತ್ರದಲ್ಲಿ ದಾಖಲಾಗುತ್ತವೆ. ಕೊಡದಿದ್ದರೆ ಕೆಲಸವು ಸಾಗದು. ಕೊಟ್ಟರೆ ಯಾರ ಕೈಸೇರುವದೋ ಎಂಬ ಅಂಜಿಕೆಯು ಬಿಡದು. ಈ ಎರಡರ ನಡುವೆ ಮೂರನೆಯ ದಾರಿಯೊಂದುಂಟೋ ಎಂದು ವಿಶ್ವವಿದ್ಯಾಲಯಗಳ ವಿದ್ವಾಂಸರು ಶೋಧಿಸುತ್ತ ಬಂದಿದ್ದಾರೆ.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ರೋಣ, ನರಗುಂದ, ಗಜೇಂದ್ರಗಡ ಈ ಊರುಗಳ ಮೂವರು ಸ್ತ್ರೀಯರು ಒಂದೇ ಸಂಘದಲ್ಲಿದ್ದಾರೆಂದು ಎಣಿಸಿರಿ. ಎಲ್ಲರ ಸಾಲವು ಒಟ್ಟು ಎಷ್ಟೆಂದು ತಿಳಿಯಬೇಕು. ಆದರೆ ಒಬ್ಬಳ ಸಾಲವು ಇನ್ನೊಬ್ಬಳಿಗೆ ತಿಳಿಯಬಾರದು. ರೋಣದವಳು 7312 ಎಂಬ ಗುಪ್ತಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಸಾವಿರದ ಲೆಕ್ಕದಲ್ಲಿ ತನ್ನ ಸಾಲವಾದ 40ನ್ನು ಅದಕ್ಕೆ ಕೂಡಿಸಿ, 7352 ಎಂದು ನರಗುಂದದವಳ ಕಿವಿಯಲ್ಲಿ ಹೇಳುತ್ತಾಳೆ. ಆಕೆಯು ತನ್ನ 25ನ್ನು ಕೂಡಿಸಿ 7377 ಎಂದು ಗಜೇಂದ್ರಗಡದವಳಿಗೆ ಹೇಳುತ್ತಾಳೆ. ಇವಳು ತನ್ನ 30ನ್ನು ಕೂಡಿಸಿ 7407 ಎಂದು ರೋಣದವಳಿಗೆ ತಿಳಿಸುತ್ತಾಳೆ. ಅದರಲ್ಲಿ 7312ನ್ನು ಕಳೆದರೆ ಉಳಿಯುವದು 95. ಒಟ್ಟು ಸಾಲವು 95 ಸಾವಿರವೆಂದು ಎಲ್ಲರಿಗೂ ತಿಳಿಯಿತು. ಯಾರೂ ತನ್ನ ಸಾಲವನ್ನು ಬಾಯಿಬಿಟ್ಟು ಹೇಳಲಿಲ್ಲ.

ಈ ಉಪಾಯದಲ್ಲಿ ಕೊರತೆಯೂ ಉಂಟು. ಸಂಘದಲ್ಲಿ ಹತ್ತು ಮಂದಿ ಇದ್ದಾಗ್ಯೂ ಒಬ್ಬಳ ಎಡಬಲದವರಿಬ್ಬರು ಒಳಸಂಚು ಮಾಡಿದರೆ ನಡುವಿನವಳ ಗುಟ್ಟು ಬಯಲಾಗುವದು. ಒಬ್ಬಳು ಸುಳ್ಳಾಡಿದರೆ ಲೆಕ್ಕವೇ ಕೆಡುವದು. ಇಂಥ ಮೋಸವಿದ್ದಲ್ಲಿಯೂ ಗುಟ್ಟನ್ನು ಕಾಯುವದು ಹೇಗೆಂಬುದೇ ಸಂಶೋಧಕರ ಮುಂದಿರುವ ಪ್ರಶ್ನೆ. ಇಬ್ಬರು ಧನಿಕರು ತಮ್ಮ ಆಸ್ತಿಯನ್ನು ಹೇಳಿಕೊಳ್ಳದೆ ಹೆಚ್ಚಿನ ಧನಿಕನಾರೆಂದು ಅರಿಯುವದು ಹೇಗೆಂದು 1982ರಲ್ಲಿ ಆಂಡ್ರ್ಯೂ ಯಾವ್ ಎಂಬ ಪಂಡಿತರು ವಿಚಾರಿಸಿ ಉತ್ತರವನ್ನಿತ್ತರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅರ್ಪಿತಾ ಪಾತ್ರಾ ಎಂಬ ವಿದುಷಿಯು ಇದೇ ಶಾಖೆಯಲ್ಲಿ ಸಂಶೋಧನೆ ನಡಿಸಿದ್ದಾರೆ. ಅಮೆರಿಕದ ಬೋಸ್ಟನ್ ನಗರದಲ್ಲಿ 2015ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದವರ ಸಹಾಯದಿಂದ, ಯಾವ ಕಂಪನಿಯ ಸಂಬಳದ ಪಟ್ಟಿಯನ್ನೂ ಬಯಲುಮಾಡದೆ, ಸ್ತ್ರೀಪುರುಷರ ಸಂಬಳದ ಅಂತರವನ್ನು ಲೆಕ್ಕಹಾಕಲಾಯಿತು.

ಗಣಿತದಂತೆ ಕಾನೂನೂ ಈ ವಿಷಯದಲ್ಲಿ ಮುಂದೆ ಬಂದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ದಾವೆಯಲ್ಲಿ, 2017ನೆಯ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರು ಒಮ್ಮತದಿಂದ, ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತರು. ವ್ಯಕ್ತಿಗಳ ಮಾಹಿತಿಯ ಸಂರಕ್ಷಣೆಗಾಗಿ ಪಾರ್ಲಿಮೆಂಟು 2023ರಲ್ಲಿ ಕಾಯಿದೆಯನ್ನು ಮಾಡಿತು.

ನಮ್ಮ ಸ್ತ್ರೀಯರಲ್ಲಿ ಅನೇಕರು ತಮ್ಮ ಸಾಲವನ್ನೂ ರೋಗವನ್ನೂ ಹೇಳಿಕೊಳ್ಳಲು ನಾಚಿ, ಸಿಗಬೇಕಾದ ನೆರವನ್ನೂ ಬಿಟ್ಟುಕೊಡುತ್ತಾರೆ. ಅವರಿಗೆ ಈ ವಿದ್ಯೆಯು ಧೈರ್ಯವನ್ನು ಕೊಡತಕ್ಕದ್ದು. ಆದಕಾರಣ ಯಾರಾದರೂ ಮಾಹಿತಿಯನ್ನು ಕೇಳಿದಾಗ, ಇದು ಯಾವ ಕೆಲಸಕ್ಕೆ, ಇಷ್ಟೂ ಬೇಕೋ, ಯಾರು ನೋಡುವರು ಎಂದು ಮರ್ಯಾದೆಯಿಂದಲೇ ವಿಚಾರಿಸಿರಿ. ಫೋನಿಗೆ ಬಂದ ಓಟಿಪಿಯನ್ನು ಕರೆಮಾಡಿ ಕೇಳಿದವರಿಗೆ ಹೇಳಬೇಡಿರಿ. ಮೋಸದಿಂದ ಹಣ ಹೋದರೆ ನಾಚದೆ, ತಡಮಾಡದೆ 1930ಕ್ಕೆ ಕರೆಮಾಡಿರಿ. ಪಾಲಕರೇ, ಗಣಿತವು ಹುಡುಗಿಯರಿಗೆ ಏತಕ್ಕೆಂದು ಕೇಳುವವರಿಗೆ ಮೇಲಿನ ಮೂವರು ಸ್ತ್ರೀಯರ ಲೆಕ್ಕವನ್ನು ಮಾಡಿ ತೋರಿಸಿರಿ.