ಕುರಿಹಟ್ಟಿಗೆ ಕಾವಲು ನಾಯಿ

ಮಲಪ್ರಭೆ ಹುಟ್ಟುವ ಕಣಕುಂಬಿಯಂಥ ಕಾಡಂಚಿನ ಊರಲ್ಲಿ ಹತ್ತಿಪ್ಪತ್ತು ಕುರಿ ಸಾಕುವವರಿಗೆ ಚಿರತೆಯ ಭಯ ತಪ್ಪಿದ್ದಲ್ಲ. ಮುಧೋಳ ನಾಯಿ ಬೆನ್ನಟ್ಟಿ ಬೇಟೆಯಾಡುವ ತಳಿ. ಅದು ಹಟ್ಟಿ ಬಿಟ್ಟು ಓಡಿದರೆ ಕಾವಲೆಲ್ಲಿ? ಕುರಿಗಳ ಬಳಿಯೇ ನಿಲ್ಲುವ ಊರನಾಯಿಯ ಮರಿ ಲೇಸು. 2 ತಿಂಗಳಾದೊಡನೆ ಅದನ್ನು ಕುರಿಗಳ ನಡುವೆ ಬೆಳೆಸಿರಿ, ಅಲ್ಲಿಯೇ ಉಣಿಸಿರಿ. 3 ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿರಿ.

ಚಿರತೆಗೆ ನಾಯಿಯೂ ಬೇಟೆಯೇ. ಬೊಗಳಿ ನಿಮ್ಮನ್ನು ಎಬ್ಬಿಸುವುದಷ್ಟೇ ಅದರ ಕೆಲಸ. ಕೊರಳಿಗೆ ಮುಳ್ಳುಪಟ್ಟಿ ಕಟ್ಟಿರಿ, ರಾತ್ರಿ ಕುರಿಗಳನ್ನು ಮಾಡುಳ್ಳ ಗಟ್ಟಿ ದೊಡ್ಡಿಯಲ್ಲಿ ಕೂಡಿರಿ.

ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆಯಲೇಬೇಡಿರಿ. ಮಿದುಳಿನ ನೀರುಗುಳ್ಳೆಯಿಂದ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆ ಮಲದೊಡನೆ ಹುಲ್ಲಿಗೆ ಬಿದ್ದು, ಮೇಯ್ದ ಕುರಿಗೆ ತಲೆಸುತ್ತು ರೋಗ ಬರುತ್ತದೆ. ಆ ತಲೆಯನ್ನು ಸುಡಿರಿ, ಇಲ್ಲವೆ ಆಳವಾಗಿ ಹೂಳಿರಿ. ಪಶುವೈದ್ಯರನ್ನು ಕೇಳಿ ನಾಯಿಗೆ ಆಗಾಗ ಜಂತುನಾಶಕ ಕೊಡಿರಿ.