ಪದ ಪರಿಚಯ: ‘ಕ್ರ್ಯಾಂಕಿ’ ಎಂದರೇನು?



ಈ ಸಲ ನಾನು ಒಂದು ಇಂಗ್ಲಿಷ್ ಪದದ ಅರ್ಥ ಮತ್ತು ಹುಟ್ಟಿನ ಬಗ್ಗೆ ಬರೆದಿದ್ದೇನೆ. ಅದು ‘ಕ್ರ್ಯಾಂಕಿ’. ಈ ಪದ ನನಗೆ ಪಾಠದಲ್ಲಿ ಸಿಕ್ಕಿದ್ದಲ್ಲ, ಡಾಕ್ಟರ ಚೀಟಿಯಲ್ಲಿ ಸಿಕ್ಕಿದ್ದು.

ನನ್ನ ತಂಗಿಗೆ ಎರಡು ವರ್ಷ. ಹೋದ ತಿಂಗಳು ಎರಡು ದಿನ ಒಂದೇ ಸಮನೆ ಅತ್ತಳು. ಊಟ ಕೊಟ್ಟರೆ ಉಗಿದಳು, ಎತ್ತಿಕೊಂಡರೆ ಒದ್ದಳು. ಅಜ್ಜಿ “ಬಲು ಹಠಮಾರಿ ಕಣೋ ಇದು” ಅಂದರು. ಮಾರನೇ ದಿನ ನನಗೆ ಗಣಿತದ ಕಿರುಪರೀಕ್ಷೆ ಇತ್ತು. ಓದೋಕೆ ಬಿಡಲಿಲ್ಲ ಅಂತ ಸಿಟ್ಟು ಬಂದು ಅವಳ ಬೆನ್ನಿಗೆ ಒಂದು ಏಟು ಕೊಟ್ಟೆ.

ಬೆಳಗ್ಗೆ ಮೈ ಸುಡುತ್ತಿತ್ತು. ಆಸ್ಪತ್ರೆಗೆ ಹೋದೆವು. ಡಾಕ್ಟರು ಕಿವಿಯೊಳಗೆ ಲೈಟ್ ಬಿಟ್ಟು ನೋಡಿ, “ಕಿವಿ ಒಳಗೆ ಕೆಂಪಾಗಿ ಊದಿದೆ, ಅದಕ್ಕೇ ಅಳ್ತಿದೆ” ಅಂದರು. ಚೀಟಿಯಲ್ಲಿ ‘ಜ್ವರ, ಮಗು ಕ್ರ್ಯಾಂಕಿ’ ಎಂದು ಇಂಗ್ಲಿಷಿನಲ್ಲಿ ಬರೆದರು.

ನಮ್ಮಪ್ಪ ಪೀಣ್ಯದಲ್ಲಿ ಪವರ್ ಪ್ರೆಸ್ ಕೆಲಸ ಮಾಡುತ್ತಾರೆ. ನಾನು ಚೀಟಿ ಓದಿದ್ದೇ ತಡ, “ಕ್ರ್ಯಾಂಕ್ ಇರೋದು ನಮ್ ಪ್ರೆಸ್ಸಲ್ಲಿ, ಮಗೂಗೆ ಎಲ್ಲಿಂದ ಬಂತೋ?” ಅಂದರು. ಎಲ್ಲರೂ ನಕ್ಕೆವು. ಆದರೆ ಅಪ್ಪ ಹೇಳಿದ್ದು ಸುಳ್ಳಲ್ಲ ಎಂದು ನಿಘಂಟು ನೋಡಿ, ಮೇಷ್ಟ್ರನ್ನು ಕೇಳಿದ ಮೇಲೆ ತಿಳಿಯಿತು.

ಕ್ರ್ಯಾಂಕ್ ಎಂದರೆ ಬಾಗಿದ ತೋಳು. ಸೈಕಲ್ ಪೆಡಲನ್ನು ಹಿಡಿದಿರುವ ಉಕ್ಕಿನ ತೋಳು ಕ್ರ್ಯಾಂಕ್. ಅಪ್ಪನ ಪ್ರೆಸ್ಸಿನಲ್ಲಿ ಮೋಟಾರು ಸುತ್ತುತ್ತದೆ, ಕ್ರ್ಯಾಂಕು ಆ ಸುತ್ತನ್ನು ಮೇಲೆ ಕೆಳಗೆ ಹೋಗುವ ಹೊಡೆತವಾಗಿ ಮಾಡುತ್ತದೆ, ತಗಡು ಕತ್ತರಿಸುತ್ತದೆ. ಅಜ್ಜಿಯ ರಾಗಿಕಲ್ಲಿನ ಗೂಟವನ್ನೂ ನೋಡಿ. ಅದು ನಡುವಿನಲ್ಲಿಲ್ಲ, ಅಂಚಿನಲ್ಲಿದೆ. ಅದೂ ಇದೇ ಉಪಾಯ.

ಹಳೆಯ ಇಂಗ್ಲಿಷಿನಲ್ಲಿ ನೇಯುವವರ ಒಂದು ಸಲಕರಣೆಯ ಹೆಸರಿನಲ್ಲಿ ‘ಕ್ರ್ಯಾಂಕ್’ ಇತ್ತು. ಮೂಲದಲ್ಲಿ ಬಾಗು, ಸುರುಳಿ ಎಂಬ ಅರ್ಥ. ಜರ್ಮನ್ ಭಾಷೆಯಲ್ಲಿ ‘ಕ್ರಾಂಕ್’ ಎಂದರೆ ಕಾಯಿಲೆ ಬಿದ್ದವನು. ಎರಡೂ ನೆಂಟಪದಗಳು. ‘ಸಾಲ್ಟ್’ಗೆ ವೈ ಅಕ್ಷರ ಸೇರಿ ‘ಸಾಲ್ಟಿ’ ಆದಂತೆ, ‘ಕ್ರ್ಯಾಂಕ್’ಗೆ ವೈ ಸೇರಿ ‘ಕ್ರ್ಯಾಂಕಿ’ ಆಯಿತು. ಸುಮಾರು 200 ವರ್ಷಗಳಿಂದ ಇದಕ್ಕೆ ಸಿಡುಕುವ, ಸಣ್ಣದಕ್ಕೂ ರೇಗುವ ಎಂಬ ಅರ್ಥವಿದೆ. ಇಂಗ್ಲೆಂಡಿನಲ್ಲಿ ವಿಚಿತ್ರ ಸ್ವಭಾವದವರಿಗೂ ಹೀಗೆ ಹೇಳುತ್ತಾರೆ. ಇದು ಮಾತಿನಲ್ಲಿ ಬಳಸುವ ಪದ, ರಜಾ ಅರ್ಜಿಯಲ್ಲಿ ಬರೆಯಬಾರದು!

ಬಾಗಿದ್ದಕ್ಕೂ ಸಿಟ್ಟಿಗೂ ಏನು ಸಂಬಂಧ? ನಮ್ಮ ಕನ್ನಡದಲ್ಲೂ ಇದೆ. ಕೊಂಕು ಎಂದರೆ ಡೊಂಕು, ಆದರೆ ‘ಕೊಂಕು ಮಾತು’ ಅಂತೀವಿ. ಬೇಜಾರಾದರೆ ಮುಖ ಸೊಟ್ಟಗೆ ಮಾಡ್ತೀವಿ.

ಹಠಮಾರಿ ಅಂದರೆ ಅದು ಆ ಮಗುವಿನ ಗುಣ ಎಂದು ತೀರ್ಮಾನ ಮಾಡಿದ ಹಾಗೆ. ಡಾಕ್ಟರು ಬರೆದಿದ್ದು ಹಾಗಲ್ಲ. ಮಗು ಈಗ ಸಿಡುಕುತ್ತಿದೆ, ಕಾರಣ ಹುಡುಕಬೇಕು ಅಂತ. ನೋವು, ಹಸಿವು, ನಿದ್ದೆಗೇಡು ಯಾರನ್ನಾದರೂ ಕ್ರ್ಯಾಂಕಿ ಮಾಡುತ್ತವೆ. ನೈಟ್ ಶಿಫ್ಟ್ ಮುಗಿಸಿ ಬಂದ ಅಪ್ಪ ನನ್ನ ಮೇಲೆ ರೇಗುವುದೂ ಇದಕ್ಕೇ ಇರಬೇಕು. ಈಗ ಅವರು ಮಲಗಿ ಎದ್ದ ಮೇಲೆಯೇ ನಾನು ಪುಸ್ತಕಕ್ಕೆ ದುಡ್ಡು ಕೇಳುವುದು.

ತಂಗಿ ಗುಣವಾಗಿದ್ದಾಳೆ. ನಾನು ಹೊಡೆದದ್ದು ಅವಳಿಗೆ ನೆನಪಿಲ್ಲ, ನನಗೆ ಇದೆ. ‘ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?’ ಎಂಬ ಗಾದೆ ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದಿದ್ದೆ. ಅರ್ಥ ಈಗ ಆಯಿತು.

ಅಭ್ಯಾಸ: ಕೊನೆಗೆ ವೈ ಅಕ್ಷರ ಸೇರಿಸಿ ಗುಣವಾಚಕ ಮಾಡಿ: ರೈನ್, ಸ್ಲೀಪ್, ಡಸ್ಟ್.

– 7ನೇ ತರಗತಿ ವಿದ್ಯಾರ್ಥಿ